ಕೌದಿಯ ನಾಲ್ಕನೆಯ ಮೂಲೆ

ಮಸ್ಕಿಯ ಆ ಓಣಿಗೆ ಬೆಳಗು ಬರುತ್ತಿದ್ದುದೇ ಮಾಹಿರಾಳ ದನಿಯ ಬೆನ್ನೇರಿ. ಮೊದಲು ದೂರದಲ್ಲಿ, ಗುಡ್ಡದ ಮಗ್ಗುಲಿನ ಮನೆಗಳ ಕಡೆಯಿಂದ, ಯಾರೋ ಕನಸಿನ ಸೆರಗು ಹಿಡಿದು ಮೆಲ್ಲಗೆ ಎಳೆದಂತೆ ಅದು ಕೇಳಿಸುತ್ತಿತ್ತು. ತಿರುವಿನಲ್ಲಿ ಒಂದಿಷ್ಟು ಮಾಯವಾಗಿ, ಮಸೀದಿಯ ಗೋಡೆಗೆ ತಾಗಿ ಇಮ್ಮಡಿಯಾಗಿ, ಕೊನೆಗೆ ಮನೆಯ ಮುಂದೆಯೇ ಬಂದು ನಿಲ್ಲುತ್ತಿತ್ತು:

ಬಂದೈತಿ ಬಂದೈತಿ ಗಾಡಿ ಬಂದೈತಿ
ಬಾಗಿಲು ತೆರೆಯವ್ವ, ಗಾಡಿ ಬಂದೈತಿ
ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ...

ಅದು ಊರಿನ ಕಸದ ಗಾಡಿಯ ಮೈಕಿನ ಹಾಡು. ವಸೀಮಾ ಎರಡೂ ಬಕೆಟ್ಟುಗಳನ್ನು ಎತ್ತಿಕೊಂಡು ಹೊಸ್ತಿಲು ದಾಟುವ ಹೊತ್ತಿಗೆ, ಆ ಹಾಡಿನ ಒಡತಿ ಒಳಗೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬಸ್ ಪಾಸು ಹುಡುಕುತ್ತಿರುತ್ತಿದ್ದಳು. ಒಂದೇ ದನಿ ಹೊರಗೂ ಒಳಗೂ ಏಕಕಾಲಕ್ಕೆ ಇರುವುದು ವಸೀಮಾಳಿಗೆ ಇಂದಿಗೂ ಒಗ್ಗದ ಸೋಜಿಗ. ಮಗಳು ಹಾಡುತ್ತ ಓಣಿ ದಾಟಿ ಹೋಗುತ್ತಿದ್ದಾಳೆ, ಮಗಳು ಒಳಗೆ "ಅಮ್ಮೀ, ನನ್ನ ಪಾಸ್ ಎಲ್ಲೈತಿ?" ಎಂದು ಕೂಗುತ್ತಲೂ ಇದ್ದಾಳೆ.

"ನೋಡಬೇ ಅಮ್ಮೀ, ನಿನ್ನ ಮಗಳು ಊರೆಲ್ಲಾ ಅಡ್ಡಾಡಿ ಬಂದ್ಲು, ಇನ್ನಾ ತಲಿ ಬಾಚಿಲ್ಲ," ಎಂದು ನಾಸೀರ್ ನಕ್ಕ. ಅವನು ಹಟ್ಟಿಯ ಗಣಿಯಲ್ಲಿ ಶಿಫ್ಟ್ ಕೆಲಸದವನು; ವಾರದ ರಜೆಗೆ ಮಾತ್ರ ಮನೆಗೆ ಬಂದು, ತಂಗಿಯನ್ನು ಕೆಣಕಿ, ಉಂಡು ಮಲಗಿ ಹೋಗುತ್ತಿದ್ದ.

ಮೂಲೆಯಲ್ಲಿ ಕುಳಿತ ಅಜ್ಜಿ ಪೀರ್‌ಬೀ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. "ನನ್ನ ಕೌದಿ ನೆಲ್ಲಿನ ರಾಶಿಗೆ, ನನ್ನ ಹಾಡು ಕಸದ ಗಾಡಿಗೆ. ಇನ್ನ ನಾ ಸತ್ತ ಮ್ಯಾಲ ಯಾವ ತಾಡಪತ್ರಿ ಹೊದಿಸ್ತೀರೋ, ಅದೊಂದು ನೋಡೂದು ಉಳದೈತಿ."

"ಸತ್ತ ಮ್ಯಾಲ ನೀ ಹ್ಯಾಂಗ ನೋಡ್ತಿ ದಾದಿ?" ಎಂದಳು ಮಾಹಿರಾ.

"ನನ್ನ ಕೂಡ ಮಾತಾಡಬ್ಯಾಡ ಅಂದೀನಿ."

ಮೊಮ್ಮಗಳೊಡನೆ ಆಕೆ ಮಾತು ಬಿಟ್ಟು ಮಳೆಗಾಲ ಮುಗಿದು ಚಳಿ ಬಂದಿತ್ತು. ಸಿಂಧನೂರಿನ ವೀರೇಶ ಎಂಬವನ ರೆಕಾರ್ಡಿಂಗ್ ಕೋಣೆಯಲ್ಲಿ ಮಾಹಿರಾಳ ಕೆಲಸ. ಸೀರೆ ಅಂಗಡಿ, ಟ್ರ್ಯಾಕ್ಟರ್ ಶೋರೂಮು, ಟ್ಯೂಷನ್ ಕ್ಲಾಸು, ಯಾವುದೇ ಇರಲಿ, ಆಟೋದ ಮೈಕಿನಲ್ಲಿ ಕೂಗುವ ದನಿ ಅವಳದು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನ ಸಂತೆಗಳು ಅವಳ ದನಿಯನ್ನು ಬಲ್ಲವು. ಅವಳ ಹೆಸರು ಯಾರಿಗೂ ತಿಳಿಯದು. ಕಸದ ಗಾಡಿಗೆ ಹಾಡು ಬೇಕೆಂದಾಗ ಅವಳಿಗೆ ಹೊಳೆದದ್ದು ಬಾಲ್ಯದಲ್ಲಿ ಅಜ್ಜಿಯ ತೊಡೆಯ ಪಕ್ಕ ಮಲಗಿ ಕೇಳಿದ ಕೌದಿಯ ಹಾಡು. ಹಳೆಯ ಸೀರೆ, ಲುಂಗಿಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಮುಖವಾಗಿ ಸುತ್ತು ಸುತ್ತಾಗಿ ಹೊಲಿಯುವಾಗ ಪೀರ್‌ಬೀ ಹಾಡುತ್ತಿದ್ದ ಹಾಡು: 'ಬಂದಾಳ ಬಂದಾಳ ಮಗಳು ಬಂದಾಳ, ಬಾಗಿಲು ತೆರೆಯವ್ವ, ಮಗಳು ಬಂದಾಳ.' ಹೊಲಿಗೆ ಒಂದೊಂದು ಮೂಲೆ ತಿರುಗಿದಾಗ ಹಾಡೂ ಒಂದೊಂದು ತಿರುವು ತೆಗೆದುಕೊಳ್ಳುತ್ತಿತ್ತು. ಕೌದಿಗೆ ನಾಲ್ಕು ಮೂಲೆ, ಹಾಡಿಗೂ ನಾಲ್ಕು. ಮಾಹಿರಾಳ ನೆನಪಿನಲ್ಲಿ ಉಳಿದದ್ದು ಎರಡು.

ಆ ಎರಡು ಮೂಲೆಗಳೇ ಒಂದು ಸಂಜೆ ಮನೆಗೆ ವಿಚಿತ್ರವಾದ ಸುದ್ದಿಯೊಂದನ್ನು ತಂದವು.

"ಬೆಂಗಳೂರಿನ ಸಂಗೀತ ನಿರ್ದೇಶಕರೊಬ್ರು ಸಿಂಧನೂರಾಗ ಲಾಡ್ಜಿನಾಗ ಇಳದಿದ್ರಂತ," ಎಂದು ಮಾಹಿರಾ ಊಟಕ್ಕೆ ಕುಳಿತಾಗ ಹೇಳಿದಳು. ಅವಳ ಕೈಯಲ್ಲಿನ ರೊಟ್ಟಿಯ ತುತ್ತು ಪುಂಡಿಪಲ್ಯವನ್ನು ಮುಟ್ಟದೆ ಗಾಳಿಯಲ್ಲೇ ನಿಂತಿತ್ತು. "ಮುಂಜಾನೆ ಅಲ್ಲಿನ ಕಸದ ಗಾಡ್ಯಾಗೂ ಇದೇ ಹಾಡು ಕೇಳಿ ಬರಿಗಾಲಾಗ ಗಾಡಿ ಹಿಂದ ಓಡ್ಯಾರಂತ. ಗಾಡಿಯವ ಕಸ ಕೊಡಾಕ ಬಂದಾರ ಅಂತ ಮಾಡಿ, 'ಬಕೆಟ್ ಎಲ್ರೀ?' ಅಂದಾನ."

ನಾಸೀರ್ ನಗುತ್ತ ತುತ್ತು ನೆತ್ತಿಗೇರಿಸಿಕೊಂಡು ನೀರು ಕುಡಿದ.

"ಮುಂದ?" ಎಂದ ಅವಳ ತಂದೆ ಉಸ್ಮಾನ್‌ಸಾಬ್. ಮನೆಯ ಮುಂಭಾಗದಲ್ಲೇ ಅವನ ಗಾದಿ ಅಂಗಡಿ. ದಿನವಿಡೀ ಹತ್ತಿ ಹಿಂಜುವ ಯಂತ್ರದ ಮುಂದೆ ಕುಳಿತು, ಊಟಕ್ಕೆ ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಬೆಳ್ಳಗಾಗಿರುತ್ತಿದ್ದವು. ಅವನು ಮಾತನಾಡಿದರೆ ಎರಡು ಎಳೆ ಹತ್ತಿ ತಟ್ಟೆಯ ಮೇಲೆ ತೇಲಿ ಇಳಿಯುತ್ತಿತ್ತು.

"ಅವರ ಹೊಸಾ ಧಾರಾವಾಹಿ, ಅಬ್ಬಾ. ತವರಿಗೆ ತಿರುಗಿ ಬರೋ ಮಗಳ ಕಥಿ. ಅದರ ಶುರುವಿನ ಹಾಡು ನಾನಽ ಹಾಡ್ಬೇಕಂತ. ಇದೇ ಧಾಟಿ, ದಾದಿಯ ಮೂಲ ಮಾತು. ಬೆಂಗಳೂರಿಗೆ ಬರ್ರಿ ಅಂದಾರ. ಆದ್ರ..." ಅವಳು ಅಜ್ಜಿಯ ಕಡೆ ನೋಡಿದಳು. "ಪೂರಾ ಹಾಡು ಬೇಕಂತ."

ಎಲ್ಲರೂ ಪೀರ್‌ಬೀಯ ಕಡೆ ತಿರುಗಿದರು. ಆಕೆ ಶೇಂಗಾ ಹಿಂಡಿಯ ಮೇಲೆ ಎಣ್ಣೆ ಹಾಕಿಕೊಳ್ಳುವುದರಲ್ಲಿ ಮಗ್ನಳಾಗಿದ್ದಳು.

"ಅಮ್ಮ, ಕೇಳಿದಿಲ್ಲ?" ಎಂದ ಉಸ್ಮಾನ್‌ಸಾಬ್.

"ನನಗ ಕಿವಿ ಮಂದಾಗ್ಯಾವ."

"ಕಸದ ಗಾಡಿ ಗುಡ್ಡದಾಗಿದ್ರ ಕೇಳಸ್ತದ, ಮಗನ ಮಾತು ಕೇಳಸಂಗಿಲ್ಲ?"

"ನನಗ ಮರತೈತಿ ಆ ಹಾಡು. ಮರತದ್ದು ಎಲ್ಲಿಂದ ತರ್ಲಿ? ಹತ್ತಿ ಹಿಂಜಿದಂಗ ತಲಿ ಹಿಂಜಿ ತಗೀತಿ ಏನು?" ಎಂದು ಆಕೆ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟಳು.

ಮರೆತಿಲ್ಲವೆಂಬುದು ವಸೀಮಾಳಿಗೆ ಗೊತ್ತಿತ್ತು. ಏಕೆ ಹಾಡುವುದಿಲ್ಲವೆಂಬುದೂ ಅವಳೊಬ್ಬಳಿಗೇ ಗೊತ್ತಿತ್ತು.

ಪೀರ್‌ಬೀಗೆ ಒಬ್ಬ ಮಗಳು, ಮೌಲಾಬೀ. ಬಳಗಾನೂರಿಗೆ ಕೊಟ್ಟಿದ್ದರು. ಅವಳ ಚೊಚ್ಚಲ ಬಾಣಂತನಕ್ಕೆಂದು ಪೀರ್‌ಬೀ ಹೊಲಿದ ಕೌದಿ ಓಣಿಯಲ್ಲೆಲ್ಲ ಹೆಸರಾದದ್ದು. ಮಾಹಿರಾ ಐದನೆಯ ಇಯತ್ತೆಯಲ್ಲಿದ್ದ ವರ್ಷ, ಸುಗ್ಗಿಯ ಕಾಲದಲ್ಲಿ ಮಗಳ ಮನೆಗೆ ಹೋದ ಪೀರ್‌ಬೀ, ಅಂಗಳದಲ್ಲಿ ನೆಲ್ಲಿನ ರಾಶಿಯ ಮೇಲೆ ಆ ಕೌದಿ ಹೊದಿಸಿದ್ದನ್ನು ಕಂಡು, ನೀರೂ ಕುಡಿಯದೆ ತಿರುಗಿ ಬಂದಿದ್ದಳು. ಇದಿಷ್ಟು ಎಲ್ಲರೂ ಬಲ್ಲ ಸಂಗತಿ. ಆದರೆ ಆಮೇಲೊಂದು ಮಧ್ಯಾಹ್ನ, ಗಂಡಸರಿಲ್ಲದ ಹೊತ್ತಿನಲ್ಲಿ, ಮೌಲಾಬೀ ಬಸ್ಸಿಳಿದು ಸುಡುಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತದ್ದು, ಪೀರ್‌ಬೀ ಒಳಗಿನಿಂದಲೇ "ಯಾಕ ಬಂದಿ?" ಎಂದು ಕೇಳಿದ್ದು, ಅವಳು ಚಪ್ಪಲಿ ಬಿಡದೆ ಬಂದ ದಾರಿಯಲ್ಲೇ ಹೋದದ್ದು, ಇದನ್ನು ಕಂಡವಳು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದ ವಸೀಮಾ ಮಾತ್ರ. ಆ ತಂಬಿಗೆಯ ನೀರನ್ನು ಅವಳು ಏನು ಮಾಡಿದಳೆಂಬುದು ಅವಳಿಗೇ ನೆನಪಿಲ್ಲ. ಆವತ್ತಿನಿಂದ ಅತ್ತೆ ಸೂಜಿ ಹಿಡಿಯಲಿಲ್ಲ, ಹಾಡಲೂ ಇಲ್ಲ.

ಮಾಹಿರಾ ಸುಮ್ಮನೆ ಕೂರುವ ಹುಡುಗಿಯಲ್ಲ. ಮೂರನೆಯ ಮೂಲೆಯನ್ನು ತಾನೇ ಕಟ್ಟಲು ತೊಡಗಿದಳು. ಪಾತ್ರೆ ತಿಕ್ಕುವಾಗ, ಬಟ್ಟೆ ಒಣ ಹಾಕುವಾಗ, ಬಸ್ಸಿಗೆ ಓಡುವಾಗ ಹೊಸ ಹೊಸ ತಿರುವುಗಳನ್ನು ಗುನುಗಿ ನೋಡಿದಳು. ಪೀರ್‌ಬೀ ಒಂದು ವಾರ ತಡೆದಳು. ಎಂಟನೆಯ ದಿನ ತಡೆಯಲಾಗಲಿಲ್ಲ.

"ವಸೀಮಾ, ನಿನ್ನ ಮಗಳಿಗೆ ಹೇಳು. ಮೂಲಿ ತಿರುವೇ ಇಲ್ಲ ಅದರಾಗ. ಸೀದಾ ಹೊಂಟಾಳ. ಹಿಂಗ ಹೊಂಟ್ರ ಗೋಡಿಗೆ ಹಾಯ್ತಾಳ."

"ತಿರುವು ಹ್ಯಾಂಗ ಅಂತ ದಾದಿಗೆ ಕೇಳಬೇ ಅಮ್ಮೀ," ಎಂದಳು ಮಾಹಿರಾ.

"ನನಗ ಮರತೈತಿ ಅಂತ ಹೇಳು."

"ಮರತಾಕಿಗೆ ತಪ್ಪು ಹ್ಯಾಂಗ ಗೊತ್ತಾತು ಅಂತ ಕೇಳು."

"ಇಬ್ಬರ ನಡುವ ನಾನೇನು ಟಪಾಲಿನವಳೇನ್ರೆ?" ಎಂದು ವಸೀಮಾ ಸೌಟು ಕುಟ್ಟಿದಳು.

ಮರುದಿನ ಅವಳು ಒಂದು ನಿರ್ಧಾರಕ್ಕೆ ಬಂದಳು. ಲಿಂಗಸುಗೂರಿನ ತನ್ನ ತವರಿಗೆ ಹೋಗಿ ಹಳೆಯ ಸೀರೆಗಳ ಒಂದು ಗಂಟನ್ನು ಹೊತ್ತು ತಂದಳು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅವುಗಳನ್ನು ಪಡಸಾಲೆಯಲ್ಲಿ ಹಾಸಿ ಕೌದಿ ಹೊಲಿಯಲು ಕುಳಿತಳು. ಗಾದಿ ಅಂಗಡಿಯ ಸೊಸೆಯಾಗಿಯೂ ಅವಳಿಗೆ ಕೌದಿ ಒಲಿದಿರಲಿಲ್ಲ. ಹೊಲಿಗೆಗಳು ಇರುವೆಯ ಸಾಲಿನಂತೆ ಅಂಕುಡೊಂಕಾಗಿ ಹರಿದವು. ಪೀರ್‌ಬೀ ನೋಡಿದಳು. ಕೆಮ್ಮಿದಳು. ಎದ್ದು ಹೊರಗೆ ಹೋಗಿ ಬಂದಳು. ಹೀಗೇ ಕೆಲವು ಮಧ್ಯಾಹ್ನಗಳು ಕಳೆದವು.

ಒಂದು ದಿನ ಅಂಗಡಿಯ ಯಂತ್ರ ಸದ್ದು ನಿಲ್ಲಿಸಿತ್ತು. ಹಿಂಜಿದ ಹತ್ತಿಯ ಎಳೆಗಳು ಬಾಗಿಲಿನಿಂದ ಬಂದ ಬಿಸಿಲುಕೋಲಿನಲ್ಲಿ ಏರುತ್ತ ಇಳಿಯುತ್ತ, ನೆಲ ಮುಟ್ಟಲು ಮನಸ್ಸಿಲ್ಲದಂತೆ ತೇಲುತ್ತಿದ್ದವು.

"ಯಾ ಅಲ್ಲಾ! ಕೊಡಿಲ್ಲೆ," ಎಂದು ಪೀರ್‌ಬೀ ಸೊಸೆಯ ಕೈಯಿಂದ ಸೂಜಿ ಕಿತ್ತುಕೊಂಡಳು. "ಇದರಾಗ ಮಕ್ಕಳ ಕಾಲ್ಬೆರಳು ಸಿಗತಾವ. ಕೌದಿ ಹೊಲದೀಯೋ, ಮೀನಿನ ಬಲಿ ಹೆಣದೀಯೋ?"

ಆಕೆಯ ಕೈ ಮೊದಲು ದಾರ ಎಳೆದು ನೋಡಿತು. ಆಮೇಲೆ ನೆನಪಿನ ದಾರಿ ಹಿಡಿಯಿತು. ಮೊದಲನೆಯ ಮೂಲೆ ತಿರುಗಿತು. ಎರಡನೆಯದು ತಿರುಗುವಾಗ ತುಟಿ ಅಲುಗಿತು. ಸ್ವರವೆನ್ನುವಂಥದ್ದೇನೂ ಇರಲಿಲ್ಲ, ದಾರ ಬಟ್ಟೆಯನ್ನು ಹಾಯುವಷ್ಟೇ ಸದ್ದು. ಮೂರನೆಯ ಮೂಲೆಯಲ್ಲಿ ಅದು ಹಾಡಾಯಿತು:

ಬಿಸಿಲಾಗ ನಡೆದಾಳ, ಬೆವರಿ ಬಂದಾಳ
ತಂಬಿಗಿ ನೀರು ತಾರವ್ವ, ಮಗಳು ಬಂದಾಳ

ಒಳಕೋಣೆಯ ಪರದೆಯ ಹಿಂದೆ, ಆವತ್ತು ಕೆಲಸಕ್ಕೆ ರಜೆಯಿದ್ದ ಮಾಹಿರಾ ಕಿವಿಗೊಟ್ಟು ನಿಂತಿದ್ದಳು. ವಸೀಮಾ ತಲೆ ಎತ್ತಲಿಲ್ಲ. ಅವಳ ಕೈಗೆ ಎಂದೋ ಕಳೆದ ತಂಬಿಗೆಯ ತಂಪು ತಾಗಿದಂತಾಯಿತು. ಸೂಜಿ ನಾಲ್ಕನೆಯ ಮೂಲೆಯ ಕಡೆ ಹೊರಟಿತು, ಹತ್ತಿರವಾಯಿತು, ಒಂದು ಗೇಣು ಉಳಿಯಿತು. ಅಲ್ಲಿ ಪೀರ್‌ಬೀ ದಾರವನ್ನು ಹಲ್ಲಿನಿಂದ ಕಡಿದಳು.

"ಆ ಮೂಲಿ ಹಂಗ ಇರ್ಲಿ," ಎಂದು ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದಳು.

ಮಾಹಿರಾ ಮೂರು ಮೂಲೆಗಳೊಡನೆ, ತಂದೆಯ ಜೊತೆ ಬೆಂಗಳೂರಿಗೆ ಹೊರಟಳು. ಬಸ್ಸಿಗೆ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟಿನಲ್ಲಿ ಯಾರೋ ಬೆಲ್ಲದ ಉಂಡೆಯೊಂದನ್ನು ಇಟ್ಟಿದ್ದರು. ವಸೀಮಾ ಇಟ್ಟಿರಲಿಲ್ಲ. ಅವಳು ಕೇಳಲೂ ಇಲ್ಲ.

ಮರುದಿನ ಮಧ್ಯಾಹ್ನದ ಮುಂಚೆ ಫೋನು ಬಂತು. ವಸೀಮಾಳ ಕೈಯೆಲ್ಲ ಜೋಳದ ಹಿಟ್ಟು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಅಮ್ಮನ ಹತ್ರ ಇಡು," ಎಂದ ಉಸ್ಮಾನ್‌ಸಾಬ್. "ಇಲ್ಲಿ ಸಾಹೇಬ್ರು ಒಂದು ಮಾತು ಕೇಳಬೇಕಂತಾರ."

"ಅಮ್ಮಾ, ನಮಸ್ಕಾರ," ಎಂದಿತು ಒಂದು ನಯವಾದ ದನಿ. "ನಿಮ್ಮ ಹಾಡನ್ನ ಇಲ್ಲಿ ಎಲ್ಲರೂ ಗುನುಗ್ತಿದ್ದಾರೆ. ಒಂದೇ ಒಂದು ಅನುಮಾನ. 'ಮಗಳು ಬಂದಾಳ' ಅನ್ನೋದು ನಮ್ಮ ಕಡೆ 'ಬಂದಾಳು' ಅಂತ ಕೇಳಿಸುತ್ತೆ. ಬಂದರೂ ಬರಬಹುದು ಅಂತ ಅರ್ಥ. ಮಾಹಿರಾ ಹಾಗಲ್ಲ ಅಂತಾಳೆ, ಹಟ ಮಾಡ್ತಿದ್ದಾಳೆ. 'ಬಂದಾಳು' ಅಂತಲೇ ಹಾಡಿಸಿಬಿಡಲಾ?"

ಅದೊಂದು ಅಂಕುಡೊಂಕಿನ ಹೊಲಿಗೆಯೇನೋ ಎಂಬಂತೆ ಪೀರ್‌ಬೀ ಫೋನಿನ ಕಡೆ ನೋಡಿದಳು.

"ಬರಬಹುದು ಅಂದ್ರ ಏನ್ರೀ? ಕೌದಿ ಹೊಲಿಯೋ ಮುಂದ ಹಂಗ ಅನಬಾರದು. 'ಬರ್ತಾಳ' ಅಂತ ಸೈತ ಅನಬಾರದು. ಅಂದ್ರ ದಾರಿ ತಪ್ತೈತಿ. ಬಂದಾಳ ಅಂದ್ರ ಬಂದಾಳ. ಚಪ್ಪಲಿ ಬಿಟ್ಟಾಳ, ಕಾಲು ತೊಳಕೊಂಡಾಳ, ನೀರು ಕುಡದಾಳ, ಒಳಗ ಕುಂತಾಳ. ಹಂಗ ಹೇಳಿ ಹೊಲದ್ರಽ ಬರೂದು."

"ಓಹೋ, ಬಂದೇ ಬಿಟ್ಟಿದ್ದಾಳೆ!" ಆ ದನಿ ಅರಳಿತು. "ಹಾಗಾದರೆ ಅದನ್ನೇ ಇಡೋಣ. ಒಂದಕ್ಷರವೂ ಬದಲಾಯಿಸೋದಿಲ್ಲ. ನಿಮ್ಮ ಮಗಳಿಗೋಸ್ಕರ ಹಾಡ್ತಿದ್ದ ಹಾಡಂತೆ ಇದು. ಅವರು ಬಂದಿದ್ದಾರಾ ಅಮ್ಮಾ ಮನೆಗೆ?"

ಅದರಲ್ಲಿ ಯಾವ ಚುಚ್ಚೂ ಇರಲಿಲ್ಲ; ಮನೆಯ ಕುಶಲ ಕೇಳುವಂತೆ ಕೇಳಿದ್ದು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಕಪ್ಪಾಯಿತು, ಹೊಗೆಯಾಡಿತು. ವಸೀಮಾ ಅದನ್ನು ತಿರುವಲಿಲ್ಲ.

"ಬಂದಾಳ," ಎಂದಳು ಪೀರ್‌ಬೀ.

"ತುಂಬಾ ಸಂತೋಷ. ಹಾಗೇ ಆ ನಾಲ್ಕನೇ ಸಾಲೊಂದು ಹೇಳಿಕೊಟ್ಟುಬಿಡಿ. ಸಂಜೆಯವರೆಗೆ ಸ್ಟುಡಿಯೋ ನಮ್ಮದು. ಅಷ್ಟರಲ್ಲಿ ಸಿಗದಿದ್ದರೆ ಇಲ್ಲಿ ಯಾರಾದರೂ ಒಂದು ಸಾಲು ಬರೆದು ಸೇರಿಸ್ತಾರೆ."

"ಸಂಜೀಕ ಹೇಳ್ತೀನ್ರೀ. ಯಾರೂ ಬರಿಯೂದು ಬ್ಯಾಡ."

ಫೋನು ಆರಿತು. ಪೀರ್‌ಬೀ ಹಂಚಿನ ಮೇಲಿನ ಸುಟ್ಟ ರೊಟ್ಟಿಯನ್ನು ತೆಗೆದಿಟ್ಟಳು. ಆಮೇಲೆ ಎದ್ದು, ಗೂಟದ ಮೇಲಿನ ಬುರ್ಖಾ ತೆಗೆದುಕೊಂಡಳು.

"ಎಲ್ಲಿಗೆ ಅತ್ತೀ?"

"ಬಳಗಾನೂರಿಗೆ. ಬಂದಾಳ ಅಂತ ಹೇಳೀನಿ. ಸುಳ್ಳು ಹೇಳಿದಂಗ ಆಗಬಾರದು. ಒಲಿ ಆರಿಸಿ ನಡಿ. ಆ ಕೌದಿ ತಗೋ. ಸೂಜಿ ಅದರಾಗಽ ಐತಿ, ಚುಚ್ಚಿಕೊಂಡೀ, ಹುಷಾರು."

ಬಸ್ಸಿನ ಕಿಟಕಿಯಾಚೆ ಕಾಲುವೆಯ ನೀರು ಜೊತೆಜೊತೆಗೇ ಓಡಿ ಬಂತು. ನಾಟಿಯಾದ ಗದ್ದೆಗಳಲ್ಲಿ ಆಕಾಶ ತುಂಡುತುಂಡಾಗಿ ಬಿದ್ದುಕೊಂಡಿತ್ತು. ಬದುಗಳೆಂಬ ಹೊಲಿಗೆ ಹಾಕಿ ಯಾರೋ ಆ ತುಂಡುಗಳನ್ನೆಲ್ಲ ಕೂಡಿಸಿದ್ದಾರೆಂದು ವಸೀಮಾಳಿಗೆ ಅನಿಸಿತು. ಮಡಿಲಲ್ಲಿ ಮೂರೂವರೆ ಮೂಲೆಯ ಕೌದಿ. ಪಕ್ಕದಲ್ಲಿ ಅತ್ತೆ ಬುರ್ಖಾದ ಅಂಚನ್ನು ಮಡಿಸಿ ಬಿಡಿಸುತ್ತಿದ್ದಳು. ಹೆದರಿದ್ದಾಳೆ ಎಂದು ವಸೀಮಾಳಿಗೆ ಮೊದಲ ಬಾರಿಗೆ ಹೊಳೆಯಿತು.

ಮೌಲಾಬೀ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು. ಮೊರ ಕೈಯಲ್ಲೇ ನಿಂತಿತು. ಅವಳ ಕಿವಿಯ ಪಕ್ಕದ ಕೂದಲು ನೆರೆತಿದ್ದನ್ನು ಪೀರ್‌ಬೀ ನೋಡುತ್ತಿದ್ದಳು. ತಾಯಿ ಸೊಸೆಯ ಹೆಗಲಿಗೆ ಭಾರ ಹಾಕಿ ನಿಂತದ್ದನ್ನು ಮೌಲಾಬೀ ನೋಡುತ್ತಿದ್ದಳು. ಮೌಲಾಬೀಯ ಬಾಯಿ ತೆರೆಯಿತು. ಕೇಳುತ್ತಾಳೆ, ಎಂದು ವಸೀಮಾ ಕಣ್ಣು ಮುಚ್ಚಿದಳು. ಅದೇ ಎರಡು ಮಾತು ಕೇಳುತ್ತಾಳೆ. ಕೇಳುವ ಹಕ್ಕು ಅವಳಿಗಿದೆ.

ಕಣ್ಣು ತೆರೆದಾಗ ಮೌಲಾಬೀ ಅಲ್ಲಿರಲಿಲ್ಲ. ಒಳಗಿನಿಂದ ಬಂದವಳ ಕೈಯಲ್ಲಿ ತಂಬಿಗೆ ತುಂಬ ನೀರಿತ್ತು.

ಪೀರ್‌ಬೀ ನಿಂತಲ್ಲೇ ಕುಡಿದಳು. ಅರ್ಧ ಕುಡಿದು ಉಸಿರಾಡಿ, ಉಳಿದದ್ದನ್ನೂ ಕುಡಿದಳು.

"ಆ ಕೌದಿ ಎಲ್ಲೈತಿ?"

"ಮಂಚದ ಮ್ಯಾಲೈತಿ. ದಿನಾ ಅದನ್ನಽ ಹೊಚಕೋತೀನಿ," ಎಂದಳು ಮೌಲಾಬೀ. "ಅವತ್ತು ಕರೀ ಮಾಡ ಕವದು ಮಳಿ ಬಂತವ್ವ. ತಾಡಪತ್ರಿ ಇದ್ದಿಲ್ಲ. ಮನ್ಯಾಗ ನೀರು ಇಳಿಯದಂಥಾದ್ದು ಅದೊಂದಽ ಇತ್ತು. ನೀ ಹೊಲಿದದ್ದು ಅಲ್ಲೇನು? ವರ್ಷದ ಕೂಳು ಉಳಿಸ್ತು."

ಪೀರ್‌ಬೀ ತಂಬಿಗೆಯನ್ನು ಕೆಳಗಿಟ್ಟಳು. ಸೊಸೆಯ ಕೈಯ ಕೌದಿಯನ್ನು ಕಟ್ಟೆಯ ಮೇಲೆ ಹಾಸಿದಳು. ಮೊರದಲ್ಲಿನ ನಾಲ್ಕು ಅಕ್ಕಿಕಾಳು ತೆಗೆದು ಆ ತೆರೆದ ಮೂಲೆಯೊಳಗೆ ಹಾಕಿದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಗೆ ಕಾಳು ಉಣಿಸುವುದು ಆಕೆಯ ಪದ್ಧತಿ. ಸೂಜಿಯನ್ನು ಮಗಳ ಕೈಗೆ ಕೊಟ್ಟಳು.

"ಹೊಲಿ. ವಸೀಮಾ, ಬೆಂಗಳೂರಿಗೆ ಫೋನ್ ಹಚ್ಚು."

ಹೀಗೆ ನಾಲ್ಕನೆಯ ಮೂಲೆ ಬಳಗಾನೂರಿನ ಒಂದು ಕಟ್ಟೆಯಿಂದ ಹೊರಟಿತು. ಶುರು ಮಾಡಿದವಳು ಪೀರ್‌ಬೀ; ಅರ್ಧದಲ್ಲಿ ಆಕೆ ನಿಲ್ಲಿಸಿದಾಗ ತಲೆ ಎತ್ತದೆಯೇ ಮುಗಿಸಿದವಳು ಮೌಲಾಬೀ:

ಯಾಕ ಬಂದಿ ಅಂತ ಕೇಳಬ್ಯಾಡವ್ವ
ಬಂದಾಕಿ ಬಂದಾಳ, ಮಗಳು ಬಂದಾಳ

ಆ ಕಡೆಯಿಂದ ಯಾರೋ ಆ ಸಾಲನ್ನು ಗುನುಗಿ ನೋಡಿದರು. ಆಮೇಲೆ ಮಾಹಿರಾಳ ದನಿ, ತೀರ ಸಣ್ಣದಾಗಿ: "ದಾದಿ, ಇನ್ನೊಂದು ದನಿ ಯಾರದು?"

"ನಿನ್ನ ಫುಪ್ಪು, ಮೌಲಾಬೀ. ಸರಿಯಾಗಿ ಕಲಿ. ಬೆಲ್ಲ ತಿಂದೆಯಿಲ್ಲ?" ಎಂದಳು ಪೀರ್‌ಬೀ. ಮೊಮ್ಮಗಳೊಡನೆ ಮಾತು ಬಿಟ್ಟದ್ದು ಹಾಗೆ ಮುಗಿಯಿತು. ಆಮೇಲೆ ಮಗಳ ಕಡೆ ತಿರುಗಿ, "ಕಡೀ ಬಸ್ಸು ಸಂಜೀಕ ಐತಿ. ಸೀರಿ ತಗೋ. ನೀ ಬಂದೀ ಅಂತ ದೊಡ್ಡವರಿಗೆ ಹೇಳಿಬಿಟ್ಟೀನಿ," ಎಂದಳು.

"ಬರೂದಕ್ಕಿಂತ ಮೊದಲಽ?"

"ಮತ್ತ? ಬಂದ ಮ್ಯಾಲ ಹೇಳಾಕ ಹಾಡು ಯಾಕ ಬೇಕು?"

ಧಾರಾವಾಹಿ ಶುರುವಾದ ಸಂಜೆ ಮೌಲಾಬೀ ಮತ್ತೆ ಬಂದಿದ್ದಳು. ಗಾದಿ ಅಂಗಡಿಯ ಬಾಗಿಲು ಬೇಗ ಮುಚ್ಚಿತು. ನಾಸೀರ್ ಶಿಫ್ಟ್ ಬದಲಿಸಿಕೊಂಡು ಮಿರ್ಚಿ ಬಜ್ಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ಟಿವಿಯಲ್ಲಿ ಯಾವುದೋ ಕಾಣದ ಊರಿನ ದೊಡ್ಡ ಬಾಗಿಲು ತೆರೆಯಿತು, ಮತ್ತು ಮಾಹಿರಾಳ ದನಿ ಹೊರಟಿತು. ಕಸದ ಗಾಡಿಯಲ್ಲಿದ್ದ ಅದೇ ದನಿ. ಆದರೆ ಸುತ್ತಲೂ ನೀರು ನಿಂತ ಗದ್ದೆಯಂತೆ ನಿಶ್ಶಬ್ದ. 'ಬಂದಾಳ' ಎಂದೇ ಇತ್ತು. ನಾಲ್ಕೂ ಮೂಲೆ ಇದ್ದವು. ಹಾಡಿನ ನಡುವೆ ಹೆಸರುಗಳು ಸರಸರ ಹಾದುಹೋದವು.

"ಬಂತು ಬಂತು! ಗಾಯನ, ಮಾಹಿರಾ ಮಸ್ಕಿ. ನೋಡಿದ್ರಿಲ್ಲ?" ಎಂದು ನಾಸೀರ್ ಕೂಗಿದ.

ಯಾರೂ ನೋಡಿರಲಿಲ್ಲ. ಉಸ್ಮಾನ್‌ಸಾಬ್ ಕಣ್ಣಿಗೆ ಹತ್ತಿ ಬಿತ್ತೆಂದು ಉಜ್ಜಿಕೊಳ್ಳುತ್ತಿದ್ದ. ಮಾಹಿರಾ ಮುಖ ಮುಚ್ಚಿಕೊಂಡಿದ್ದಳು. ಪೀರ್‌ಬೀ ಟಿವಿಯನ್ನು ನೋಡುತ್ತಲೇ ಇರಲಿಲ್ಲ. ಹಾಡನ್ನು ಕೇಳುತ್ತ ಮಿರ್ಚಿ ಮುರಿದು ಮಗಳ ತಟ್ಟೆಗೆ ಹಾಕುತ್ತಿದ್ದಳು.

ಬೆಳಗಾಯಿತು. ಗುಡ್ಡದ ಕಡೆಯಿಂದ ದನಿ ಹೊರಟು, ತಿರುವಿನಲ್ಲಿ ಮಾಯವಾಗಿ, ಮಸೀದಿಯ ಗೋಡೆಗೆ ತಾಗಿ ಹತ್ತಿರವಾಯಿತು. ಬಂದೈತಿ ಬಂದೈತಿ ಗಾಡಿ ಬಂದೈತಿ. ವಸೀಮಾ ಎದ್ದು ಬಕೆಟ್ಟಿಗೆ ಕೈ ಚಾಚಿದರೆ ಅಲ್ಲಿ ಬಕೆಟ್ಟುಗಳಿರಲಿಲ್ಲ. ಬಾಗಿಲಿಗೆ ಬಂದು ನೋಡಿದಳು. ಪೀರ್‌ಬೀ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಓಣಿಯ ನಡುವೆ ನಿಂತಿದ್ದಳು. ಗಾಡಿಯವನು ಆಕೆಯನ್ನು ಎಂದೂ ಕಂಡವನಲ್ಲ, ತಬ್ಬಿಬ್ಬಾಗಿ, "ಹಸಿ ಕಸ ಯಾವ್ದಬೇ ಅಜ್ಜೀ?" ಎಂದ.

ಆಕೆ ಎರಡೂ ಬಕೆಟ್ಟುಗಳನ್ನು ಅವನ ಮುಂದಿಟ್ಟಳು. ತೆರೆದ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿದಳು. ಒಳಗೆ, ಅಂಕುಡೊಂಕಿನ ಹೊಲಿಗೆಯ ಹೊಸ ಕೌದಿಯ ಕೆಳಗೆ, ಮೌಲಾಬೀ ಮೊಣಕಾಲು ಮಡಚಿಕೊಂಡು ಮಲಗಿದ್ದಳು.

"ಹಾಡು ಸಣ್ಣಗ ಹಚ್ಚಪಾ," ಎಂದಳು ಪೀರ್‌ಬೀ. "ಒಳಗ ಮಗಳು ಮಲಗ್ಯಾಳ."